ಸ್ಟಾರ್ಟ್ ಬಟನ್ ಯಾಕೆ ಮಸುಕಾಗಿದೆ?

ಪ್ರಶ್ನೆ: ನನ್ನದು ವಿಂಡೋಸ್ 10 ಲ್ಯಾಪ್‌ಟಾಪ್. ಹಿನ್ನೆಲೆಯಲ್ಲಿ ಓಡುವ ಬೇಡದ ಸರ್ವಿಸ್‌ಗಳನ್ನು ಆಫ್ ಮಾಡಿದರೆ ಸ್ಪೀಡ್ ಜಾಸ್ತಿ ಆಗುತ್ತದೆ ಅಂತ ಕೇಳಿ ಡಿಎಚ್‌ಸಿಪಿ ಕ್ಲೈಂಟ್ ಎಂಬುದನ್ನು ಡಿಸೇಬಲ್ ಮಾಡಿದೆ. ಮೂರು ದಿನ ಏನೂ ಆಗಲಿಲ್ಲ. ನಿನ್ನೆ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದ ಮೇಲೆ ಇಂಟರ್ನೆಟ್ಟೇ ಇಲ್ಲ. ವೈಫೈ ಮಾತ್ರ ಕನೆಕ್ಟ್ ಆಗಿದೆ ಎನ್ನುತ್ತದೆ. ಅದೇ ವೈಫೈನಲ್ಲಿ ಫೋನ್ ಸರಿಯಾಗಿದೆ. ಆ ಸರ್ವಿಸ್ ತೆರೆದರೆ ಸ್ಟಾರ್ಟ್ ಬಟನ್ ಮಸುಕಾಗಿದೆ, ಒತ್ತಲು ಬರುವುದಿಲ್ಲ. ವಿಂಡೋಸ್ ಮತ್ತೆ ಹಾಕಿಸಬೇಕಾ?

ಉತ್ತರ: ಬೇಡ, ಖಂಡಿತ ಬೇಡ. ನಿಮ್ಮ ಫೈಲುಗಳೆಲ್ಲ ಇದ್ದಲ್ಲೇ ಇರಲಿ.

ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಸರ್ವಿಸಸ್ ಡಾಟ್ ಎಂಎಸ್‌ಸಿ (services.msc) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಪಟ್ಟಿಯಲ್ಲಿ ಡಿಎಚ್‌ಸಿಪಿ ಕ್ಲೈಂಟ್ ಹುಡುಕಿ ಡಬಲ್ ಕ್ಲಿಕ್ ಮಾಡಿ. ಸ್ಟಾರ್ಟಪ್ ಟೈಪ್ ಎದುರು ಆಟೋಮ್ಯಾಟಿಕ್ ಆರಿಸಿ. ವಿಂಡೋಸ್ ಜೊತೆ ಬಂದಾಗ ಅದು ಇದ್ದದ್ದೂ ಹಾಗೆಯೇ. ಆದರೆ ಆರಿಸಿದ ತಕ್ಷಣ ಸ್ಟಾರ್ಟ್ ಬಟನ್‌ಗೆ ಜೀವ ಬರುವುದಿಲ್ಲ. ಮೊದಲು ಕೆಳಗಿನ ಅಪ್ಲೈ ಒತ್ತಬೇಕು. ನನ್ನ ಅಕ್ಕನ ಕಂಪ್ಯೂಟರ್‌ನಲ್ಲಿ ಇದೇ ತೊಂದರೆ ಆದಾಗ ಕೇಬಲ್ ಬದಲಿಸಿ, ರೂಟರ್ ಆಫ್-ಆನ್ ಮಾಡಿ ಒಂದು ಸಂಜೆ ಪೂರ್ತಿ ಕಳೆದಿದ್ದೆವು. ಅಪ್ಲೈ ಒತ್ತಿದ್ದೇ ತಡ, ಮಸುಕಾಗಿದ್ದ ಅಕ್ಷರ ಕಪ್ಪಗಾಯಿತು. ಸ್ಟಾರ್ಟ್ ಕೊಟ್ಟೆವು, ನೆಟ್ ಬಂತು.

ಮೂರು ದಿನ ಹೇಗೆ ನಡೆಯಿತು ಅಂತ ನಿಮಗೆ ಅನ್ನಿಸಿರಬೇಕು, ಅಲ್ವಾ? ಡಿಸೇಬಲ್ ಅಂದರೆ "ಮುಂದಿನ ಸಲ ಶುರುವಾಗಬೇಡ" ಎಂದಷ್ಟೇ ಅರ್ಥ. ಆಗಲೇ ಓಡುತ್ತಿರುವ ಸರ್ವಿಸನ್ನು ಅದು ನಿಲ್ಲಿಸುವುದಿಲ್ಲ. ಜೊತೆಗೆ ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಯಂತ್ರ ಪೂರ್ತಿ ಮಲಗುವುದಿಲ್ಲ. ಸರ್ವಿಸ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು, ಬೆಳಗ್ಗೆ ಅಲ್ಲಿಂದಲೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರು. ನಿನ್ನೆ ಅಪ್‌ಡೇಟ್ ಅದನ್ನೇ ಮಾಡಿತು.

ವೈಫೈ ಕನೆಕ್ಟ್ ಆಗಿದೆ ಎನ್ನುವುದೂ ಸುಳ್ಳಲ್ಲ. ವೈಫೈಗೆ ಸೇರಿಸುವುದು ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್ ಎಂಬ ಬೇರೆ ಸರ್ವಿಸ್. ರೂಟರ್‌ನಿಂದ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ನಿಮ್ಮ ಯಂತ್ರವನ್ನು ಗುರುತಿಸುವ ಸಂಖ್ಯೆ, ಕೇಳಿ ತರುವುದು ಡಿಎಚ್‌ಸಿಪಿ ಕ್ಲೈಂಟ್. ಬಾಗಿಲು ತೆರೆದಿತ್ತು, ವಿಳಾಸ ಸಿಗಲಿಲ್ಲ.

ಸ್ಟಾರ್ಟ್ ಕೊಟ್ಟಾಗ 1068 ಎಂಬ ಎರರ್ ಬಂದರೆ, ಡಿಎಚ್‌ಸಿಪಿ ಕ್ಲೈಂಟ್ ನೆಚ್ಚಿಕೊಂಡಿರುವ ಇನ್ನೊಂದು ಸರ್ವಿಸ್ ನಿಂತಿದೆ ಎಂದರ್ಥ. ಅದೇ ಪಟ್ಟಿಯಲ್ಲಿ ನೆಟ್‌ವರ್ಕ್ ಸ್ಟೋರ್ ಇಂಟರ್‌ಫೇಸ್ ಸರ್ವಿಸ್ ನೋಡಿ. ಅದೂ ಆಟೋಮ್ಯಾಟಿಕ್ ಇರಬೇಕು. ಲಾಗ್ ಆನ್ ಟ್ಯಾಬ್‌ನಲ್ಲಿ ಡಿಎಚ್‌ಸಿಪಿಯ ಖಾತೆ ಲೋಕಲ್ ಸರ್ವಿಸ್ ಎಂದಿರಬೇಕು. ನೀವು ಅಲ್ಲಿ ಕೈ ಹಾಕಿಲ್ಲದಿದ್ದರೆ ಸರಿಯಾಗಿಯೇ ಇರುತ್ತದೆ.

ನೆಟ್‌ವರ್ಕ್ ರೀಸೆಟ್ ಮಾಡಿ ಅಂತ ಯಾರಾದರೂ ಹೇಳಿದರೆ ಈಗಲೇ ಒಪ್ಪಬೇಡಿ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಸುಮ್ನೆ ಹೋಗುತ್ತವೆ.

ಇನ್ನು ಸ್ಪೀಡ್ ವಿಷಯ. ಈ ಸರ್ವಿಸ್ ವಿಳಾಸ ಪಡೆಯುವಾಗ, ಅದರ ಅವಧಿ ನವೀಕರಿಸುವಾಗ ಒಂದಿಷ್ಟು ಕೆಲಸ ಮಾಡುತ್ತದೆ. ಉಳಿದಂತೆ ತನ್ನ ಪಾಡಿಗೆ ಇರುತ್ತದೆ. ಆಫ್ ಮಾಡಿ ಉಳಿಯುವುದು ಏನೂ ಇಲ್ಲ. ಬೇರೆ ಯಾವ ಸರ್ವಿಸ್‌ಗಳನ್ನು ಆಫ್ ಮಾಡಿದ್ದೀರಿ? ನೆನಪಿರುವಾಗಲೇ ಹೆಸರು ಬರೆದಿಟ್ಟುಕೊಳ್ಳಿ, ನನಗೂ ಕಳುಹಿಸಿ. ಒಂದೊಂದಾಗಿ ನೋಡೋಣ.