ಮುಳ್ಳಿನಿಂದಲೇ ಶುರು ಮಾಡಿ

ನಮಸ್ಕಾರ,

ಬಿಳಿ ರಕ್ತಕಣಗಳ ಬಗ್ಗೆ ನೀವು ಕಳಿಸಿದ ‘ದೇಹದ ವೀರ ಸೈನಿಕರು’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಅಡಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅದು ಇರುವುದು ಮೂರನೇ ಪುಟದ ಒಂದೇ ಒಂದು ವಾಕ್ಯದಲ್ಲಿ. ಚಿಕ್ಕಂದಿನಲ್ಲಿ ನಿಮ್ಮ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿ, ತುದಿ ಒಳಗೇ ಮುರಿದು, ಎರಡು ದಿನಕ್ಕೆ ಕೀವು ಕಟ್ಟಿ, ಅಜ್ಜಿ ಅದನ್ನು ಹಿಂಡಿ ತೆಗೆದು ಸೊಪ್ಪು ಕಟ್ಟಿದ್ದು. ಅಷ್ಟು ಹೇಳಿ ಮತ್ತೆ ಸೈನಿಕರ ಕಡೆ ಓಡಿಬಿಟ್ಟಿದ್ದೀರಿ. ‘ಸೈನಿಕ’ ಅನ್ನುವ ಪದ 11 ಸಲ ಬಂದಿದೆ. ಆ ಪದ ಓದಿದ ಕೂಡಲೇ ಕಣ್ಣಿಗೆ ಬರುವುದು ಬಂದೂಕು. ಬಿಳಿ ರಕ್ತಕಣ ಕಾಣುವುದೇ ಇಲ್ಲ.

ಆ ಅಂಗಾಲಿನೊಳಗೆ ಏನಾಯಿತು, ಅದನ್ನು ಬರೆಯಿರಿ. ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋದವು. ಚರ್ಮದಡಿ ಮೊದಲೇ ಇದ್ದ ಮ್ಯಾಕ್ರೋಫೇಜ್ ಅನ್ನುವ ಬಿಳಿ ಕಣಗಳು ಅವನ್ನು ಗುರುತಿಸಿ ರಾಸಾಯನಿಕ ಬಿಟ್ಟವು. ಸಣ್ಣ ರಕ್ತನಾಳಗಳು ಹಿಗ್ಗಿ ಆ ಜಾಗ ಕೆಂಪಾಯಿತು, ಬಿಸಿಯಾಯಿತು. ರಕ್ತದಲ್ಲಿ ಹರಿದು ಹೋಗುತ್ತಿದ್ದ ಇನ್ನೊಂದು ಬಗೆಯ ಬಿಳಿ ಕಣಗಳಾದ ನ್ಯೂಟ್ರೋಫಿಲ್‌ಗಳು ನಾಳದ ಗೋಡೆಗೆ ತಾಗಿ ಉರುಳುತ್ತಾ ನಿಧಾನವಾದವು, ಅಂಟಿಕೊಂಡವು, ಆಮೇಲೆ ಮೈ ಸಣ್ಣ ಮಾಡಿಕೊಂಡು ಗೋಡೆಯ ಸಂದಿಯಲ್ಲಿ ತೂರಿ ಆಚೆ ಬಂದವು. ಸಿಕ್ಕ ಬ್ಯಾಕ್ಟೀರಿಯಾಗಳನ್ನು ನುಂಗಿದವು. ಹಾಗೆ ನುಂಗುತ್ತಲೇ ಸತ್ತವು.

ಕೀವನ್ನು ನೀವು ‘ಕೆಟ್ಟ ರಕ್ತ’ ಅಂದಿದ್ದೀರಿ. ಅದು ತಪ್ಪು. ಅಜ್ಜಿ ಹಿಂಡಿ ತೆಗೆದದ್ದರಲ್ಲಿ ಜಾಸ್ತಿ ಇದ್ದದ್ದು ಹೀಗೆ ಸತ್ತ ನ್ಯೂಟ್ರೋಫಿಲ್‌ಗಳೇ. ದೊಡ್ಡವರ ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ. ಈ ಅಂಕಿಯನ್ನು ಕೀವಿನ ಪಕ್ಕದಲ್ಲೇ ಇಡಿ.

‘ಬಿಳಿ ಕಣ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು’ ಅನ್ನುವ ಸಾಲನ್ನು ದಯವಿಟ್ಟು ತೆಗೆಯಿರಿ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ (ಲೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ರಕ್ತದಲ್ಲಿ ಸುಮಾರು 4,000ದಿಂದ 11,000 ಇರುತ್ತವೆ. ರಕ್ತದ ಕ್ಯಾನ್ಸರ್‌ನಲ್ಲಿ ಈ ಲೆಕ್ಕ ವಿಪರೀತ ಏರಬಹುದು. ಆದರೂ ಆ ಕಣಗಳಿಗೆ ಸರಿಯಾಗಿ ಕೆಲಸ ಮಾಡಲು ಬಾರದೆ ರೋಗಿಗೆ ಸೋಂಕು ಬೇಗ ತಗಲುತ್ತದೆ. ಅಂಥವರ ಮನೆಯವರು ನಮ್ಮ ಓದುಗರಲ್ಲೂ ಇರುತ್ತಾರೆ.

ಕೊನೆಯಲ್ಲಿ, ಕಣಗಳು ಹೀಗೆ ನುಂಗುವುದನ್ನು ತೋರಿಸಿಕೊಟ್ಟ ವಿಜ್ಞಾನಿ ಮೆಚ್ನಿಕಾಫ್ ಹೆಸರನ್ನು, 1908ರ ನೊಬೆಲ್ ಅನ್ನು ಸುಮ್ನೆ ಸೇರಿಸಿದ್ದೀರಿ. ಅವರು 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮಾಡಿದ್ದೇನು ಗೊತ್ತಾ? ಗಾಜಿನಂತೆ ಒಳಗೆಲ್ಲ ಕಾಣುವ ನಕ್ಷತ್ರಮೀನಿನ ಲಾರ್ವಾಗೆ ಮನೆಯ ತೋಟದ ಮುಳ್ಳು ಚುಚ್ಚಿದರು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ನಿಮ್ಮ ಅಂಗಾಲಿನಲ್ಲಿ ಆಗಿದ್ದೂ ಇದೇ ಅಲ್ವಾ? ಈ ಎರಡು ಮುಳ್ಳುಗಳನ್ನು ಒಂದೇ ಕಡೆ ತನ್ನಿ.

ಟಿ ಕಣ, ಬಿ ಕಣ ಅನ್ನುವ ಬೇರೆ ಬಗೆಯ ಬಿಳಿ ಕಣಗಳು, ಲಸಿಕೆ ಎಲ್ಲ ಈಗ ಬಿಡಿ. ಅದಕ್ಕೆ ಬೇರೆ ಲೇಖನವೇ ಬೇಕು. 600 ಪದದೊಳಗೆ ಹೊಸದಾಗಿ ಬರೆದು ಕಳಿಸಿ, ನಾನೇ ಓದುತ್ತೇನೆ. ಅಜ್ಜಿ ಕಟ್ಟಿದ್ದು ಯಾವ ಸೊಪ್ಪು ಅನ್ನುವುದನ್ನೂ ನೆನಪಿಸಿಕೊಂಡು ಬರೆಯಿರಿ.

ಇಂತಿ,
ಸಂಪಾದಕಿ