ಆಟಿಯಲ್ಲಿ ಕಟ್ಟಿ, ಬಣ್ಣಕ್ಕೆ ದೀಪಾವಳಿ ಕಾಯಿರಿ

ಸ್ಕೇಲ್ ಮಾಡೆಲ್, ಅಂದರೆ ವಿಮಾನ, ಹಡಗುಗಳ ಅಳತೆಗೆ ತಕ್ಕ ಪುಟ್ಟ ಪ್ರತಿರೂಪ, ಕಟ್ಟುವ ಹವ್ಯಾಸಿಗಳು ಈ ಸಲ ಕಳಿಸಿದ ಪ್ರಶ್ನೆಗಳು ಬೇರೆ ಬೇರೆ. ಆದರೆ ಎಲ್ಲರ ದೂರು ಹೆಚ್ಚುಕಡಿಮೆ ಒಂದೇ: ಪುರುಸೊತ್ತು ಇದ್ದಾಗ ಹವೆ ಸರಿ ಇಲ್ಲ, ಹವೆ ಸರಿ ಇದ್ದಾಗ ಪುರುಸೊತ್ತು ಇಲ್ಲ.

ಪ್ರಶ್ನೆ: ನಾನು ಮಂಗಳೂರಿನ ಕದ್ರಿಯವನು. ಪತ್ತನಾಜೆ (ಮೇ ಕೊನೆಗೆ ಬರುವ, ತುಳುನಾಡಿನ ಉತ್ಸವಗಳು ನಿಲ್ಲುವ ದಿನ) ಕಳೆದರೆ ಕೋಲ, ನೇಮ, ಯಕ್ಷಗಾನದ ಆಟ ಎಲ್ಲ ಮುಗಿಯುತ್ತದೆ. ಜುಲೈ-ಆಗಸ್ಟ್ ನಡುವಿನ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ದಿನಾ ರಾತ್ರಿ ಊಟ ಆದ ಮೇಲೆ ಒಂದೆರಡು ತಾಸು ಮಾಡೆಲ್ ಕಟ್ಟಲು ಸಿಗುತ್ತದೆ. ಕಳೆದ ಜುಲೈಯಲ್ಲಿ 1:72 ಅಳತೆಯ ಮಿಗ್-21 ಕಟ್ಟಿ, ಬೂದು ಬಣ್ಣ ಹೊಡೆದು, ಕೊನೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಕೊಟ್ಟೆ. ಬೆಳಿಗ್ಗೆ ನೋಡಿದರೆ ಇಡೀ ವಿಮಾನ ಮಸುಕು ಬಿಳಿಯಾಗಿತ್ತು. ಮಳೆಗಾಲದಲ್ಲಿ ಈ ಕೆಲಸವನ್ನೇ ಬಿಡಬೇಕಾ?

ಉತ್ತರ: ಬಿಡಬೇಡಿ ಮಾರಾಯ್ರೇ. ವರ್ಷದಲ್ಲಿ ಸಿಗುವ ಪುರುಸೊತ್ತೇ ಅದು. ಮಳೆಗಾಲದಲ್ಲಿ ಬಿಡಬೇಕಾದದ್ದು ಸ್ಪ್ರೇ ಮಾಡುವುದನ್ನು ಮಾತ್ರ. ಅದರಲ್ಲೂ ಲ್ಯಾಕರ್ (ಥಿನ್ನರ್‌ನಲ್ಲಿ ಕರಗಿಸಿದ, ಬೇಗ ಆರುವ) ಬಣ್ಣ ಮತ್ತು ಮ್ಯಾಟ್ ವಾರ್ನಿಷ್.

ನಿಮ್ಮ ಮಿಗ್‌ಗೆ ಏನಾಯಿತು ಅಂದರೆ, ಲ್ಯಾಕರ್‌ನ ಥಿನ್ನರ್ ಭಾರೀ ಬೇಗ ಆವಿಯಾಗುತ್ತದೆ. ಹೋಗುವಾಗ ಅಲ್ಲಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಬಣ್ಣದ ಮೇಲ್ಮೈ ಸ್ವಲ್ಪ ಹೊತ್ತು ತಂಪಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದೆ ಅಲ್ವಾ, ಹಾಗೆಯೇ ಗಾಳಿಯ ನೀರು ಬಂದು ಹಸಿ ಬಣ್ಣದಲ್ಲಿ ಸೇರಿಕೊಳ್ಳುತ್ತದೆ. ಬಣ್ಣ ಒಣಗಿದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಉಳಿಯುತ್ತವೆ. ಬೆಳಕು ಅಲ್ಲಿ ಚೆದುರುವುದರಿಂದ ಬಿಳಿಯಾಗಿ ಕಾಣುತ್ತದೆ. ಪೀಠೋಪಕರಣಕ್ಕೆ ಎನ್‌ಸಿ ಪಾಲಿಶ್ (ಇದೂ ಒಂದು ಬಗೆಯ ಲ್ಯಾಕರ್) ಹೊಡೆಯುವವರಿಗೆ ಇದು ಹಳೆಯ ಕಥೆ. ಜಡಿಮಳೆಯ ದಿನ ಅವರು ಸ್ಪ್ರೇ ಗನ್ ಮುಟ್ಟಲು ಹಿಂದೆಮುಂದೆ ನೋಡುತ್ತಾರೆ. ತೀರಾ ಅರ್ಜೆಂಟ್ ಇದ್ದರೆ ರಿಟಾರ್ಡರ್, ಅಂದರೆ ನಿಧಾನ ಆರುವ ಥಿನ್ನರ್, ಸೇರಿಸುತ್ತಾರೆ. ನಮ್ಮ ಹವ್ಯಾಸದಲ್ಲೂ ಅದು ಉಂಟು. ಮಿಸ್ಟರ್ ಕಲರ್ ಬ್ರ್ಯಾಂಡಿನ ಲೆವೆಲಿಂಗ್ ಥಿನ್ನರ್‌ನಲ್ಲಿ ರಿಟಾರ್ಡರ್ ಸೇರಿಯೇ ಬರುತ್ತದೆ. ಸ್ವಲ್ಪ ಸಹಾಯ ಆಗುತ್ತದೆ, ಆದರೆ ಜುಲೈಯನ್ನು ಜನವರಿ ಮಾಡುವುದಿಲ್ಲ.

ಆ ವಿಮಾನವನ್ನು ಎಸೆಯಬೇಡಿ. ಒಣ ಹವೆಯ ಒಂದು ದಿನ ಅದರ ಮೇಲೆ ಗ್ಲಾಸ್ (ಹೊಳಪಿನ) ವಾರ್ನಿಷ್ ಹೊಡೆಯಿರಿ. ಹೆಚ್ಚಿನ ಸಲ ಬಿಳಿ ಮಾಯವಾಗುತ್ತದೆ. ಪೂರ್ತಿ ಆರಿದ ಮೇಲೆ ಮತ್ತೆ ಮ್ಯಾಟ್ ಕೊಡಿ. ವಾಯುಪಡೆ ಮಿಗ್-21ಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಕೊಟ್ಟಾಗಿದೆ, ನಿಮ್ಮದಾದರೂ ಶೋಕೇಸಿನಲ್ಲಿ ಸೇವೆಯಲ್ಲಿರಲಿ.

ಈಗ ಸಮಯದ ವಿಚಾರ. ಇಂಗ್ಲೆಂಡ್, ಅಮೆರಿಕದವರ ವಿಡಿಯೊ ನೋಡಿದರೆ ಚಳಿಗಾಲವೇ ಅವರ ಮಾಡೆಲಿಂಗ್ ಸೀಸನ್. ಹೊರಗೆ ಹಿಮ, ಒಳಗೆ ಹೀಟರ್. ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿರುತ್ತದೆ. ಅಂದರೆ ಅವರಿಗೆ ಪುರುಸೊತ್ತೂ ಒಣ ಗಾಳಿಯೂ ಒಟ್ಟಿಗೇ ಸಿಗುತ್ತವೆ. ನಮ್ಮನ್ನು ಮನೆಯೊಳಗೆ ಕೂರಿಸುವುದು ಮಳೆ. ಜುಲೈ ಒಂದರಲ್ಲೇ ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಊರು ನಮ್ಮದು. ಹಾಗಾಗಿ ಒಂದು ಕಿಟ್ (ಜೋಡಿಸಬೇಕಾದ ಬಿಡಿ ಭಾಗಗಳ ಪೆಟ್ಟಿಗೆ) ಹಿಡಿದು ಮೊದಲಿಂದ ಕೊನೆವರೆಗೆ ಮುಗಿಸಿ ಇನ್ನೊಂದು ಹಿಡಿಯುವ ಅವರ ಕ್ರಮ ನಮಗೆ ಆಗಿಬರುವುದಿಲ್ಲ. ಮಳೆಗಾಲದಲ್ಲಿ ಮೂರ್ನಾಲ್ಕು ಕಿಟ್ ಕಟ್ಟಿ ಸಾಲಾಗಿ ಇಡಿ. ಬಣ್ಣಕ್ಕೆ ಎಲ್ಲವನ್ನೂ ಒಟ್ಟಿಗೆ ಇಳಿಸಿ.

ಮಳೆಗೆ ಹೇಳಿ ಮಾಡಿಸಿದ ಕೆಲಸ ಬೇಕಾದಷ್ಟಿದೆ. ನಿಪ್ಪರ್‌ನಲ್ಲಿ, ಅಂದರೆ ಕತ್ತರಿಸುವ ಸಣ್ಣ ಇಕ್ಕಳದಲ್ಲಿ, ಭಾಗಗಳನ್ನು ಬಿಡಿಸುವುದು, ಅಚ್ಚಿನ ಗುರುತು ಕೆರೆಯುವುದು, ಅಂಟಿಸುವುದು. ಪ್ಲಾಸ್ಟಿಕ್ ಸಿಮೆಂಟ್ ಎರಡೂ ಭಾಗಗಳನ್ನು ಕರಗಿಸಿ ಬೆಸೆಯುವ ಅಂಟು. ಅದಕ್ಕೆ ಗಾಳಿಯ ತೇವದ ಹಂಗಿಲ್ಲ. ಸಂದು ತುಂಬುವ ಪುಟ್ಟಿಯಂತೂ ಮಳೆಗಾಲದ್ದೇ ಕೆಲಸ. ಪುಟ್ಟಿ ಆರುತ್ತಾ ಕುಗ್ಗುತ್ತದೆ. ಎರಡು ದಿನಕ್ಕೇ ಉಜ್ಜಿ ಬಣ್ಣ ಹೊಡೆದರೆ ಆಮೇಲೆ ಅದೇ ಜಾಗದಲ್ಲಿ ಗೆರೆ ಕುಸಿಯುತ್ತದೆ. ಜುಲೈಯಲ್ಲಿ ತುಂಬಿ, ಆಗಸ್ಟ್‌ನಲ್ಲಿ ನೀರು ಹಾಕಿ ಉಜ್ಜಿ. ಎರಡರ ನಡುವೆ ಬೇರೆ ಕಿಟ್‌ನ ಕಾಕ್‌ಪಿಟ್ ಮಾಡಿ.

ಕಾಕ್‌ಪಿಟ್, ಪೈಲಟ್ ಗೊಂಬೆಗಳಿಗೆ ಕುಂಚದಲ್ಲಿ ನೀರಿನ ಅಕ್ರಿಲಿಕ್ ಹಚ್ಚಲು ಆಟಿಯಷ್ಟು ಒಳ್ಳೆಯ ಕಾಲ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಣ್ಣ ನಿಧಾನ ಆರುತ್ತದೆ. ಕುಂಚದ ಗೆರೆಗಳು ತಾವಾಗಿ ಹರಡಿ ಮಟ್ಟವಾಗುತ್ತವೆ. ಏಪ್ರಿಲ್‌ನಲ್ಲಿ ಇದೇ ಬಣ್ಣ ಕುಂಚದ ತುದಿಯಲ್ಲೇ ಗಟ್ಟಿಯಾಗುತ್ತದೆ. ಒಂದೇ ಎಚ್ಚರಿಕೆ, ಮೊದಲ ಪದರ ಕೈಗೆ ಆರಿದಂತೆ ಕಂಡರೂ ಮರುದಿನದವರೆಗೆ ಬಿಡಿ. ಇಲ್ಲದಿದ್ದರೆ ಎರಡನೇ ಪದರ ಅದನ್ನು ಕಿತ್ತುಕೊಂಡು ಬರುತ್ತದೆ.

ಸೆಪ್ಟೆಂಬರ್-ಅಕ್ಟೋಬರ್ ಲೆಕ್ಕಕ್ಕೆ ಹಿಡಿಯಬೇಡಿ. ಅಷ್ಟಮಿ, ಚೌತಿ, ನವರಾತ್ರಿ, ಹುಲಿವೇಷ. ಮೇಲಿಂದ ಸಂಜೆಯ ಗುಡುಗು ಮಳೆ. ದೀಪಾವಳಿ ಕಳೆದು ಮೂಡಣ ಗಾಳಿ ಶುರುವಾದ ಮೇಲೆ ಫೆಬ್ರುವರಿವರೆಗೆ ಬಣ್ಣದ ಕಾಲ. ಯಕ್ಷಗಾನ ಮೇಳಗಳ ತಿರುಗಾಟ, ಕಂಬಳ, ಮದುವೆ ಎಲ್ಲವೂ ಆಗಲೇ ಬರುತ್ತವೆ, ಗೊತ್ತು. ಆದರೆ ಆಗ ನಿಮಗೆ ಬೇಕಾದದ್ದು ಕೆಲವು ಭಾನುವಾರದ ಬೆಳಗು ಮಾತ್ರ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಕೆಲಸದಲ್ಲಿ ಬಣ್ಣ ಹೊಡೆಯುವ ಹೊತ್ತು ಕಡಿಮೆ, ಜೋಡಿಸಿ ತೊಳೆಯುವ ಹೊತ್ತೇ ಜಾಸ್ತಿ. ಒಂದು ವಿಮಾನಕ್ಕೆ ಪ್ರೈಮರ್ (ಬಣ್ಣದ ಅಡಿಯ ಪದರ) ಹೊಡೆದರೂ ಅಷ್ಟೇ ತೊಳೆಯಬೇಕು, ನಾಲ್ಕಕ್ಕೆ ಹೊಡೆದರೂ ಅಷ್ಟೇ. ಒಂದು ಭಾನುವಾರ ನಾಲ್ಕಕ್ಕೂ ಪ್ರೈಮರ್, ಇನ್ನೊಂದು ಭಾನುವಾರ ಬೂದು ಬೇಕಾದದ್ದಕ್ಕೆಲ್ಲ ಬೂದು. ಇಬ್ಬನಿ ಆರಿ ಬಿಸಿಲು ಏರಿದ ಮೇಲೆ, ಮಧ್ಯಾಹ್ನದ ಕಡಲ ಗಾಳಿ ಜೋರಾಗುವ ಮೊದಲು, ಅಂದಾಜು ಹತ್ತರಿಂದ ಹನ್ನೆರಡರ ನಡುವೆ ಮಾಡಿ.

ಅಂದಾಜು ಬೇಡ ಅಂತಿದ್ದರೆ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ತಗೊಳ್ಳಿ. ಕೆಲವು ನೂರು ರೂಪಾಯಿ ಅಷ್ಟೆ. ತೇವಾಂಶ ಶೇಕಡ 60ರ ಒಳಗಿದ್ದರೆ ಧೈರ್ಯವಾಗಿ ಹೊಡೆಯಿರಿ. 60ರಿಂದ 70 ಇದ್ದರೆ ರಿಟಾರ್ಡರ್ ಹಾಕಿ, ತೆಳ್ಳಗೆ ಹೊಡೆಯಿರಿ. ಅದಕ್ಕಿಂತ ಜಾಸ್ತಿ ಇದ್ದರೆ ಲ್ಯಾಕರ್ ಡಬ್ಬಿ ತೆರೆಯಬೇಡಿ.

ಮಳೆಗಾಲದಲ್ಲೇ ಪ್ರೈಮರ್ ಆಗಲೇಬೇಕು ಅಂದರೆ ಹೊಳವಿನ, ಅಂದರೆ ಮಳೆ ಬಿಟ್ಟ, ದಿನ ನೋಡಿ. ಎಸಿ ಇರುವ ಕೋಣೆಯಾದರೆ ಡ್ರೈ ಮೋಡ್‌ನಲ್ಲಿ ಎರಡು ಗಂಟೆ ಮೊದಲೇ ಹಾಕಿಡಿ. ಸ್ಪ್ರೇ ಬೂತ್‌ನ (ಬಣ್ಣದ ಆವಿಯನ್ನು ಹೊರಗೆ ಹಾಕುವ ಪೆಟ್ಟಿಗೆಯ) ಫ್ಯಾನ್ ಒಳಗಿನ ಒಣ ಗಾಳಿಯನ್ನು ಹೊರಗೆ ದಬ್ಬಿ ಹೊರಗಿನ ಹಸಿ ಗಾಳಿಯನ್ನು ಎಳೆದುಕೊಳ್ಳುತ್ತದೆ, ಅದೊಂದು ತಲೆನೋವು. ಹಾಗಂತ ಫ್ಯಾನ್ ಆಫ್ ಮಾಡಿ ಹೊಗೆ ಕುಡಿಯಬೇಡಿ. ಕಂಪ್ರೆಸರ್‌ನ ಟ್ಯಾಂಕ್ ಅಡಿಯ ವಾಲ್ವ್ ಪ್ರತಿ ಸಲ ತೆರೆಯಿರಿ. ಜುಲೈಯಲ್ಲಿ ಅಲ್ಲಿಂದ ಬರುವ ನೀರು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಗಾಳಿಯನ್ನು ಒತ್ತಿದಾಗ ಅದರ ನೀರು ಬೇರೆಯಾಗುತ್ತದೆ. ಬಿಸಿ ಗಾಳಿ ಪೈಪಿನಲ್ಲಿ ತಣಿದಾಗ ಇನ್ನಷ್ಟು ನೀರಾಗುತ್ತದೆ. ಹಾಗಾಗಿ ನೀರು ಹಿಡಿಯುವ ಟ್ರ್ಯಾಪ್ ಕಂಪ್ರೆಸರ್ ಪಕ್ಕ ಒಂದಿದ್ದರೆ ಸಾಲದು, ಏರ್‌ಬ್ರಷ್ ಬುಡದಲ್ಲಿ ಇನ್ನೊಂದು ಬೇಕು. ಇಲ್ಲದಿದ್ದರೆ ನಡುವೆ ಒಂದು ಹನಿ ಉಗುಳುತ್ತದೆ. ಹಸಿ ಬಣ್ಣದ ಮೇಲೆ ದುಂಡಗಿನ ಕುಳಿ ಬೀಳುತ್ತದೆ, ಮತ್ತೆ ಉಜ್ಜದೆ ದಾರಿಯಿಲ್ಲ.

ಒಣಗಿಸಲು ನಮ್ಮ ಹಳೆಯ ಉಪಾಯವೇ ಸಾಕು. ಪಟ್ಟೆ (ರೇಷ್ಮೆ) ಸೀರೆ ಇಡುವ ಕಪಾಟಿನಲ್ಲಿ ಸಣ್ಣ ಬಲ್ಬ್ ಉರಿಸುತ್ತಿದ್ದರಲ್ಲ, ಅದೇ. ಮುಚ್ಚಳವಿರುವ ಪೆಟ್ಟಿಗೆ, ಒಳಗೆ ಫಿಲಮೆಂಟ್ ಇರುವ ಹಳೆ ಕಾಲದ ಬಲ್ಬ್. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಪ್ರಯೋಜನ ಇಲ್ಲ. ಕೋಣೆ 27 ಡಿಗ್ರಿ, ತೇವಾಂಶ ಶೇಕಡ 90 ಇದ್ದಾಗ ಪೆಟ್ಟಿಗೆಯ ಗಾಳಿಯನ್ನು 32 ಡಿಗ್ರಿಗೆ ಏರಿಸಿದರೆ ಸಾಕು, ತೇವಾಂಶ 67ರ ಆಸುಪಾಸಿಗೆ ಇಳಿಯುತ್ತದೆ. 35 ಮಾಡಿದರೆ 57. ನೀರು ಅಷ್ಟೇ ಇರುತ್ತದೆ, ಆದರೆ ಬಿಸಿ ಗಾಳಿ ಹೆಚ್ಚು ನೀರು ಹಿಡಿಯಬಲ್ಲದು. 40 ಡಿಗ್ರಿ ದಾಟಿಸಬೇಡಿ. ಥಿನ್ನರ್ ವಾಸನೆ ಹೋಗುವ ಮೊದಲು ಮಾಡೆಲನ್ನು ಒಳಗಿಡಲೂ ಬೇಡಿ. ಮುಚ್ಚಿದ ಪೆಟ್ಟಿಗೆ, ಥಿನ್ನರ್ ಆವಿ, ಬಿಸಿ ಬಲ್ಬ್ ಒಟ್ಟಿಗೆ ಇರುವುದು ಅಪಾಯ.

ಪ್ರಶ್ನೆ: ಮಲ್ಪೆಯಿಂದ ಬರೆಯುತ್ತಿದ್ದೇನೆ. ಬೋಟಿನ ಲೆಕ್ಕಪತ್ರ ನೋಡುವವನು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳಲ್ಲಿ ಮರದ ಹಾಯಿಹಡಗಿನ ಮಾಡೆಲ್ ಕಟ್ಟಿದೆ. ಜನವರಿಗೆ ಹಲಗೆಗಳ ನಡುವೆ ಸಂದು ಬಿಟ್ಟಿತು, ಹಗ್ಗವೆಲ್ಲ ಜೋತುಬಿತ್ತು. ಅಂಟು ಸರಿ ಇರಲಿಲ್ಲವೇ?

ಉತ್ತರ: ಅಂಟಿನದ್ದು ತಪ್ಪಿಲ್ಲ. ಮರ ಮಳೆಗಾಲದಲ್ಲಿ ತೇವ ಕುಡಿದು ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ನೀವು ಉಬ್ಬಿದ ಹಲಗೆಗಳನ್ನು ಬಿಗಿಯಾಗಿ ಕೂರಿಸಿದಿರಿ. ಜನವರಿಯಲ್ಲಿ ಅವು ಒಣಗಿ ತಮ್ಮ ನಿಜವಾದ ಅಗಲಕ್ಕೆ ಬಂದವು. ಮಲ್ಪೆಯವರಿಗೆ ಹೇಳಬೇಕೇ? ದೊಡ್ಡ ಮರದ ಬೋಟಿಗೆ ಇದೇ ಗುಣ ಲಾಭ, ನೀರಿಗಿಳಿದ ಮೇಲೆ ಹಲಗೆ ಉಬ್ಬಿ ಸಂದು ಮುಚ್ಚುತ್ತದೆ. ಶೋಕೇಸಿನ ಹಡಗು ನೀರಿಗೆ ಇಳಿಯುವುದಿಲ್ಲವಲ್ಲ.

ಆ ಎರಡು ತಿಂಗಳಲ್ಲಿ ಹಡಗಿನ ಅಡ್ಡಪಕ್ಕೆಗಳು, ಪಾಯಿಮರ, ಲಂಗರು, ರಾಟೆ, ಸಣ್ಣ ದೋಣಿ ಇಂಥವನ್ನೆಲ್ಲ ಮಾಡಿ ಮುಗಿಸಿ. ಹಲಗೆ ಹೊಡೆಯುವುದನ್ನು ದೀಪಾವಳಿ ನಂತರಕ್ಕೆ ಇಡಿ. ಹೇಗೂ ಅದು ದಿನಕ್ಕೆ ಒಂದೆರಡು ಹಲಗೆಯ ಕೆಲಸ. ಬಗ್ಗಿಸಿ, ಕ್ಲಿಪ್ ಹಾಕಿ, ಫೆವಿಕಾಲ್ ಆರಲು ಬಿಡಬೇಕು. ದುಡಿಮೆಯ ದಿನಗಳಲ್ಲೂ ಅಷ್ಟು ಸಾಗುತ್ತದೆ. ಮಳೆಯಲ್ಲೇ ಮಾಡಬೇಕಿದ್ದರೆ ಹಲಗೆಗಳನ್ನು ಮೇಲೆ ಹೇಳಿದ ಬಲ್ಬ್ ಪೆಟ್ಟಿಗೆಯಲ್ಲಿ ಒಂದು ವಾರ ಇಟ್ಟು ಆಮೇಲೆ ಕತ್ತರಿಸಿ. ಎರಡೂ ಕಾಲಕ್ಕೆ ಒಂದು ಮಾತು: ಹಡಗಿನ ಹೊರಮೈಗೆ ಮಾತ್ರವಲ್ಲ, ಒಳಮೈಗೂ ಮರದ ರಂಧ್ರ ಮುಚ್ಚುವ ಸ್ಯಾಂಡಿಂಗ್ ಸೀಲರ್ ಹಚ್ಚಿ. ಒಳಗೆ ಹಚ್ಚದಿದ್ದರೆ ತೇವಕ್ಕೆ ಅದೇ ಬಾಗಿಲು. ಹಗ್ಗಕ್ಕೆ ಹತ್ತಿ ನೂಲು ಬಿಟ್ಟು ಪಾಲಿಯೆಸ್ಟರ್ ದಾರ ತಗೊಳ್ಳಿ. ಹತ್ತಿ ತೇವದಲ್ಲಿ ಬಿಗಿಯುತ್ತದೆ, ಒಣಗಿದಾಗ ಸಡಿಲವಾಗುತ್ತದೆ. ಪಾಲಿಯೆಸ್ಟರ್‌ಗೆ ಮಳೆಗಾಲ ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್-ಮೇ ತಿಂಗಳಲ್ಲಿ ಸಮಯ ಸಿಗುತ್ತದೆ. ಆದರೆ ಸೆಕೆಗೆ ಅರ್ಧ ಗಂಟೆ ಕೂರಲು ಆಗುವುದಿಲ್ಲ. ಏರ್‌ಬ್ರಷ್ ಪದೇ ಪದೇ ಕಟ್ಟಿಕೊಳ್ಳುತ್ತದೆ.

ಉತ್ತರ: ಸೂಜಿಯ ತುದಿಯಲ್ಲಿ ಅಕ್ರಿಲಿಕ್ ಒಣಗಿ ಕೂರುತ್ತಿದೆ. ಅಕ್ರಿಲಿಕ್ ರಿಟಾರ್ಡರ್ ಕೆಲವು ಹನಿ ಹಾಕಿ, ಬಣ್ಣ ಇನ್ನೂ ಸ್ವಲ್ಪ ತೆಳ್ಳಗೆ ಮಾಡಿ, ಥಿನ್ನರ್‌ನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಆಗಾಗ ತುದಿ ಒರೆಸಿ. ತೆಳು ಸಿಮೆಂಟ್ ಕೂಡ ಈ ಕಾಲದಲ್ಲಿ ಜೋಡಿಸುವ ಮೊದಲೇ ಹಾರಿಹೋಗುತ್ತದೆ. ಮೊದಲು ಭಾಗಗಳನ್ನು ಜೋಡಿಸಿ ಹಿಡಿದು, ಆಮೇಲೆ ಸಂದಿಗೆ ಕುಂಚ ತಾಗಿಸಿ, ತಾನೇ ಒಳಗೆ ಹರಿಯುತ್ತದೆ. ಬೆವರಿನ ಬೆರಳಚ್ಚು ಪ್ರೈಮರ್‌ಗೆ ಶತ್ರು. ಹತ್ತಿ ಕೈಗವಸು ಹಾಕಿ, ಬಣ್ಣದ ಮೊದಲು ಸೋಪಿನ ನೀರಲ್ಲಿ ತೊಳೆಯಿರಿ. ಫ್ಯಾನ್ ಬೇಕೇ ಬೇಕು, ಆದರೆ ಫೋಟೊ-ಎಚ್ ಭಾಗಗಳನ್ನು (ತೆಳು ಲೋಹದ ಹಾಳೆಯ ಪುಟ್ಟ ಭಾಗಗಳು) ಕತ್ತರಿಸುವಾಗ ಮಾತ್ರ ಆಫ್ ಮಾಡಿ. ಹಾರಿದ್ದು ಮತ್ತೆ ಸಿಗುವುದಿಲ್ಲ. ಕೂರುವುದಾದರೆ ಬೆಳಿಗ್ಗೆ ಆರರಿಂದ ಎಂಟು. ಮತ್ತೆ, ಆರಲಿ ಅಂತ ಮಾಡೆಲನ್ನು ಬಿಸಿಲಿಗಿಡಬೇಡಿ, ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಲೂ ಬೇಡಿ. ತೆಳು ಭಾಗಗಳು ಸೊಟ್ಟಗಾಗುತ್ತವೆ.

ಪ್ರಶ್ನೆ: ಕಾಪುವಿನಿಂದ. ಮಳೆಗೆ ಶಾಲೆಗೆ ರಜೆ ಕೊಟ್ಟಾಗಲೆಲ್ಲ ಮಗ ಮೊಬೈಲ್ ಹಿಡಿಯುತ್ತಾನೆ. ಹನ್ನೊಂದು ವರ್ಷ. ಈ ಹವ್ಯಾಸ ಶುರು ಮಾಡಿಸಬಹುದೇ?

ಉತ್ತರ: ಖಂಡಿತ. ಜಿಲ್ಲಾಧಿಕಾರಿಗಳ ರಜೆ ಘೋಷಣೆಗೆ ಕಾಯುವವರಲ್ಲಿ ನಮ್ಮಂಥ ದೊಡ್ಡವರೂ ಇದ್ದೇವೆ. ಒತ್ತಿ ಕೂರಿಸುವ ಸ್ನ್ಯಾಪ್-ಫಿಟ್ ಕಿಟ್ ಕೊಡಿಸಿ. ಗನ್‌ಪ್ಲಾ (ಜಪಾನಿನ ಗುಂಡಮ್ ಕಾರ್ಟೂನಿನ) ರೋಬಾಟ್‌ಗಳಾದರೆ ಪ್ಲಾಸ್ಟಿಕ್ಕೇ ಬಣ್ಣದಲ್ಲಿ ಬರುತ್ತದೆ. ಅಂಟು ಬೇಡ, ಸ್ಪ್ರೇ ಬೇಡ, ಕಿಟಕಿ ಮುಚ್ಚಿದ್ದರೂ ಚಿಂತೆಯಿಲ್ಲ. ನಿಪ್ಪರ್ ಮಾತ್ರ ಒಳ್ಳೆಯದು ಕೊಡಿ. ಬ್ಲೇಡ್ ಈಗಲೇ ಬೇಡ.

ಪ್ರಶ್ನೆ: ಕುಲಶೇಖರದ ನಮ್ಮ ಮನೆಯಲ್ಲಿ ಕಿಟ್ ಪೆಟ್ಟಿಗೆಗಳಿಗೆ ಬೂಷ್ಟು ಹಿಡಿಯುತ್ತಿದೆ. ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಚಿಹ್ನೆ, ಅಂಕಿಗಳ) ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಏನು ಮಾಡಲಿ?

ಉತ್ತರ: ಮೇ ಮುಗಿಯುವ ಮೊದಲೇ ಡೆಕಾಲ್ ಮತ್ತು ಸೂಚನಾ ಹಾಳೆಗಳನ್ನು ಪೆಟ್ಟಿಗೆಯಿಂದ ತೆಗೆದು ಜಿಪ್ ಕವರಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಇಡಿ. ಡೆಕಾಲ್‌ನ ಅಂಟು ನೀರಿಗೆ ಬಿಡುವಂಥದ್ದು, ಹಾಗಾಗಿ ಗಾಳಿಯ ತೇವವೇ ಅದನ್ನು ಎಬ್ಬಿಸಲು ಸಾಕು. ಅಂಟಿಕೊಂಡವನ್ನು ಎಳೆಯಬೇಡಿ. ಬಲ್ಬ್ ಪೆಟ್ಟಿಗೆಯಲ್ಲಿ ಒಣಗಿಸಿ, ಆಮೇಲೆ ನಿಧಾನಕ್ಕೆ ಬಿಡಿಸಿ ನೋಡಿ. ಪೆಟ್ಟಿಗೆಗಳನ್ನು ಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲಂತೂ ಬೇಡ.

ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಯಾದರೆ ಅದರ ಹೊಟ್ಟೆ ತುಂಬಿದೆ ಅಂತ. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆದರೆ ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ನೀಲಿಗೆ ಹಾಕುವುದು ಕೋಬಾಲ್ಟ್, ಹೊಟ್ಟೆಗೆ ಹೋಗಬಾರದು. ಅದಕ್ಕೇ ಒಂದು ಹಳೆ ಪಾತ್ರೆ ಇಡಿ. ಫೆವಿಕ್ವಿಕ್ ಥರದ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದ್ದು. ತೆರೆಯದ ಟ್ಯೂಬನ್ನು ಜೆಲ್ ಜೊತೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ಕೋಣೆಯ ಬಿಸಿಗೆ ಬರಲಿ. ಮಳೆಗಾಲದಲ್ಲಿ ಆ ಅಂಟಿನ ಸುತ್ತ ಬಿಳಿ ಮಸುಕು ಜಾಸ್ತಿ ಬರುತ್ತದೆ. ಹಾಗಾಗಿ ಕಾಕ್‌ಪಿಟ್‌ನ ಪಾರದರ್ಶಕ ಭಾಗಕ್ಕೆ ಅದನ್ನು ಮುಟ್ಟಿಸಲೇಬೇಡಿ. ಫೆವಿಕಾಲ್ ಸಾಕು. ಇಕ್ಕಳ, ಚಿಮಟ, ಬ್ಲೇಡ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒರೆಸಿಡಿ, ಮತ್ತೆ ಬಳಸುವಾಗ ಆ ಎಣ್ಣೆಯನ್ನು ಪೂರ್ತಿ ತೆಗೆಯಲು ಮರೆಯಬೇಡಿ, ಎಣ್ಣೆ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ.