ಚಿಕ್ಕಬಳ್ಳಾಪುರದ ಕಡೆಯಿಂದ ಲೊಫೋಟೆನ್‌ಗೆ ಸರ್ಫಿಂಗ್: ಹೋಗಿ, ಡಿಸೆಂಬರ್‌ನಲ್ಲಿ ಮಾತ್ರ ಬೇಡ

ನೀವು ಕೇಳಿರೋದು ಇಷ್ಟು: ಊರು ಗೌರಿಬಿದನೂರು, ಈಜು ಕಲಿತದ್ದು ತೋಟದ ಬಾವಿಯಲ್ಲಿ, ಮೂಲ್ಕಿಯಲ್ಲಿ ಒಂದು ವಾರ ಸರ್ಫಿಂಗ್ ಕ್ಲಾಸ್ ಆಗಿದೆ, ಡಿಸೆಂಬರ್‌ನಲ್ಲಿ ಗೆಳೆಯನ ಜೊತೆ ನಾರ್ವೆಯ ಲೊಫೋಟೆನ್‌ನಲ್ಲಿರುವ ಉನ್‌ಸ್ಟಾಡ್ ಬೀಚಿಗೆ ಹೋಗಬೇಕು, ಹೇಗೆ ಪ್ಲಾನ್ ಮಾಡೋದು? ನಾನು ಚಿಕ್ಕಬಳ್ಳಾಪುರದವನು, ಚಳಿಗಾಲದಲ್ಲಿ ಆ ನೀರಿಗೆ ಇಳಿದು ಬಂದವನು. ಮೊದಲು ತಿಂಗಳು ಬದಲಾಯಿಸಿ.

ಡಿಸೆಂಬರ್ ಬೇಡ ಅನ್ನೋದು ಚಳಿಗಲ್ಲ, ಬೆಳಕಿಗೆ. ಉನ್‌ಸ್ಟಾಡ್ ಇರೋದು 68 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಮೊದಲ ವಾರ ಕಳೆದರೆ ಜನವರಿ ಶುರುವಾಗೋವರೆಗೂ ಅಲ್ಲಿ ಸೂರ್ಯ ಹುಟ್ಟೋದೇ ಇಲ್ಲ. ಮಧ್ಯಾಹ್ನದ ಹೊತ್ತು ಕೆಲವು ಗಂಟೆ ಮಬ್ಬು ಬೆಳಕು, ಅಷ್ಟೆ. ಅಲೆ ಎಲ್ಲಿ ಏಳುತ್ತೆ, ಎಲ್ಲಿ ಒಡೆಯುತ್ತೆ ಅಂತ ಗುರುತಿಸೋಕೆ ಹೊಸಬರಿಗೆ ಅದು ಸಾಲದು. ಮಾರ್ಚ್ ಶುರುವಿನಲ್ಲಿ ಹೋದರೆ ಹಗಲು ಹತ್ತು ಗಂಟೆಯ ಹತ್ತಿರ ಸಿಗುತ್ತೆ, ಅಟ್ಲಾಂಟಿಕ್‌ನ ಚಳಿಗಾಲದ ಅಲೆಗಳೂ ನಿಂತಿರಲ್ಲ, ಮೋಡ ಇಲ್ಲದ ರಾತ್ರಿ ನಾರ್ದರ್ನ್ ಲೈಟ್ಸ್ ಕಾಣೋ ಸಾಧ್ಯತೆಯೂ ಇದೆ. ಹೇಗಿದ್ದರೂ ಅವರೆಕಾಯಿ ಕಾಲದಲ್ಲಿ ನಮ್ಮ ಜಿಲ್ಲೆ ಬಿಟ್ಟು ಹೋಗೋದರಲ್ಲಿ ಅರ್ಥ ಇಲ್ಲ.

ನೀರು 5 ಡಿಗ್ರಿ ಆಸುಪಾಸು. ದಕ್ಷಿಣದಿಂದ ಹರಿದು ಬರೋ ಬೆಚ್ಚನೆ ಪ್ರವಾಹದಿಂದಾಗಿ ಅಷ್ಟು ಉತ್ತರದಲ್ಲೂ ಸಮುದ್ರ ಹೆಪ್ಪುಗಟ್ಟಲ್ಲ. ನಂದಿಬೆಟ್ಟದಲ್ಲಿ ಜನವರಿ ಬೆಳಗ್ಗೆ ಟೀ ಶರ್ಟಲ್ಲಿ ನಿಂತಿದ್ದೆ, ಏನೂ ಆಗಲಿಲ್ಲ ಅನ್ನೋ ಧೈರ್ಯ ಇಲ್ಲಿ ಲೆಕ್ಕಕ್ಕಿಲ್ಲ. ಶಾಖ ಸಾಗಿಸೋ ಶಕ್ತಿ ಗಾಳಿಗಿಂತ ನೀರಿಗೆ ಇಪ್ಪತ್ತು ಪಟ್ಟಿಗೂ ಹೆಚ್ಚು. ತಣ್ಣೀರಿನ ತರಬೇತಿಯಲ್ಲಿ 1-10-1 ಅಂತ ಒಂದು ಲೆಕ್ಕ ಹೇಳ್ತಾರೆ: ವೆಟ್‌ಸೂಟ್ (ತಣ್ಣೀರಲ್ಲಿ ಮೈ ಬೆಚ್ಚಗಿಡೋ ರಬ್ಬರಿನಂಥ ಉಡುಪು) ಇಲ್ಲದೆ ಬಿದ್ದವನಿಗೆ ಉಸಿರು ಹತೋಟಿಗೆ ಬರೋಕೆ 1 ನಿಮಿಷ, ಕೈಕಾಲು ಮಾತು ಕೇಳೋದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಆ ಮೊದಲ ನಿಮಿಷದ ಏದುಸಿರೇ ಅಪಾಯ, ತಲೆ ನೀರೊಳಗಿದ್ದಾಗ ಉಸಿರೆಳೆದರೆ ಕಥೆ ಮುಗಿಯಿತು. ಅದಕ್ಕೇ ಮೊದಲು ಮುಖಕ್ಕೆ ನೀರು ಹಾಕಿಕೊಂಡು, ಸೊಂಟದ ಮಟ್ಟದಲ್ಲಿ ನಿಂತು, ಉಸಿರು ನಿಧಾನವಾದ ಮೇಲೆ ಮುಂದೆ ಹೋಗಬೇಕು.

ದುಡ್ಡು ವೆಟ್‌ಸೂಟಿಗೆ ಹಾಕಿ. ಬೇಕಿರೋದು 6/5 ಸೂಟ್, ಅಂದರೆ ಎದೆ-ಬೆನ್ನಿನ ಕಡೆ 6 ಮಿ.ಮೀ., ಕೈಕಾಲಿಗೆ 5 ಮಿ.ಮೀ. ನಿಯೋಪ್ರೀನ್. ತಲೆಗವಸು ಸೂಟಿಗೇ ಅಂಟಿಕೊಂಡಿರಲಿ, ಜೊತೆಗೆ ದಪ್ಪ ಗ್ಲೌಸ್, 7 ಮಿ.ಮೀ. ಬೂಟು. ಆನ್‌ಲೈನಲ್ಲಿ ಅಂದಾಜಿಗೆ ತರಿಸಬೇಡಿ. ಕುತ್ತಿಗೆ, ಸೊಂಟದ ಹತ್ತಿರ ಸಡಿಲ ಇದ್ದರೆ ಪ್ರತಿ ಅಲೆಗೂ ತಣ್ಣೀರು ನುಗ್ಗುತ್ತೆ, ಎಷ್ಟು ದಪ್ಪ ಇದ್ದರೂ ದಂಡ. ಉನ್‌ಸ್ಟಾಡ್‌ನಲ್ಲೇ ಸರ್ಫ್ ಕ್ಯಾಂಪ್ ಇದೆ, ಸೂಟು, ಬೋರ್ಡು ಬಾಡಿಗೆಗೆ ಸಿಗುತ್ತವೆ, ಹಾಕಿ ನೋಡಿ ತಗೊಳ್ಳಿ. ಬೋರ್ಡ್ ನೀವು ಮೂಲ್ಕಿಯಲ್ಲಿ ಹಿಡಿದದ್ದಕ್ಕಿಂತ ದೊಡ್ಡದಿರಲಿ. ಆ ಸೂಟಿನೊಳಗೆ ತೋಳು ಬೀಸೋದು ಒದ್ದೆ ಕಂಬಳಿ ಹೊದ್ದು ಈಜಿದ ಹಾಗೆ, ಭುಜ ಬೇಗ ಸೋಲುತ್ತೆ.

ಬಾವಿ ಈಜಿನ ಬಗ್ಗೆ ಒಂದು ಮಾತು. ಬಾವಿಯಲ್ಲಿ ಕಲಿತವರಿಗೆ ಆಳದ ಭಯ ಇರಲ್ಲ, ಅದು ದೊಡ್ಡ ಆಸ್ತಿ. ಆದರೆ ನಾಲ್ಕು ಬೀಸಿಗೆ ಮೆಟ್ಟಿಲು ಸಿಗೋ ಅಭ್ಯಾಸ, ಸೆಳೆತದ ಪರಿಚಯ ಇಲ್ಲ. ಹೋಗೋ ಮುಂಚೆ ಮಳೆಗಾಲ ಮುಗಿದ ಮೇಲೆ ಮತ್ತೆ ಮೂಲ್ಕಿಗೆ ಹೋಗಿ, ಯಾರ ಸಹಾಯವೂ ಇಲ್ಲದೆ ಅಲೆ ಹಿಡಿದು ಎದ್ದು ನಿಲ್ಲೋದು ರೂಢಿಯಾಗೋವರೆಗೂ ಇರಿ. ಅದು ಆಗದಿದ್ದರೆ ಟಿಕೆಟ್ ಮುಂದಕ್ಕೆ ಹಾಕಿ, ಇದರಲ್ಲಿ ನಾನು ರಾಜಿ ಆಗಲ್ಲ. ಉನ್‌ಸ್ಟಾಡ್ ಕೊಲ್ಲಿಯ ಎರಡು ಬದಿಯಲ್ಲೂ ಬಂಡೆಗಳ ಮೇಲೆ ಒಡೆಯೋ ಅಲೆ ಪಳಗಿದವರಿಗೆ. ನೀವು ನಡುವಿನ ಮರಳಿನ ಜಾಗದಲ್ಲಿ, ಇನ್‌ಸ್ಟ್ರಕ್ಟರ್ ಜೊತೆಗೇ ಇಳಿಯಿರಿ. ಮುನ್ಸೂಚನೆ ನೋಡುವಾಗ ಅಲೆಯ ಎತ್ತರ ಒಂದನ್ನೇ ನೋಡಬೇಡಿ. ಎರಡು ಅಲೆಗಳ ನಡುವಿನ ಸೆಕೆಂಡು ಹೆಚ್ಚಾದಷ್ಟೂ ಅದೇ ಎತ್ತರದ ಅಲೆಗೆ ಬಲ ಹೆಚ್ಚು.

ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಮೈಯೊಳಗಿನ ಬಿಸಿ ಇಳೀತಾನೇ ಇರುತ್ತೆ. ತಕ್ಷಣ ಒಣ ಬಟ್ಟೆ, ಟೋಪಿ, ಬಿಸಿ ಏನಾದರೂ ಕುಡಿಯೋಕೆ. ಚಳಿಗೆ ಒಂದು ಪೆಗ್ ಅನ್ನೋ ಗೆಳೆಯ ಇದ್ದರೆ ಬಾಟಲಿ ಕಿತ್ತಿಡಿ, ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬಿಸಿ ಹೊರಗೆ ಬಿಡುತ್ತೆ.

ಇನ್ನು ಓಡಾಟ. ದೇವನಹಳ್ಳಿ ಏರ್‌ಪೋರ್ಟ್ ನಮಗೆ ಪಕ್ಕದಲ್ಲೇ ಇದೆ. ಅಲ್ಲಿಂದ ಎಲ್ಲಾದರೂ ಬದಲಾಯಿಸಿ ಓಸ್ಲೋ, ಆಮೇಲೆ ಬೋಡೋ, ಅಲ್ಲಿಂದ ಚಿಕ್ಕ ವಿಮಾನದಲ್ಲಿ ಲೆಕ್ನೆಸ್. ಗಾಳಿ ಜೋರಾದರೆ ಕೊನೆಯ ವಿಮಾನ ರದ್ದಾಗುತ್ತೆ, ಬರುವಾಗ ಎರಡು ದಿನ ಖಾಲಿ ಇಟ್ಟುಕೊಳ್ಳಿ. ಬೇಕಾಗಿರೋದು ಷೆಂಗೆನ್ ವೀಸಾ, ಅಂದರೆ ನಾರ್ವೆಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯೋ ಒಂದೇ ವೀಸಾ. 6 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋವರೆಗಿನ ಚಿಕಿತ್ಸೆ ಖರ್ಚು ಭರಿಸೋ ಪ್ರಯಾಣ ವಿಮೆ ಕಡ್ಡಾಯ. ಆ ವಿಮೆಯಲ್ಲಿ ಸರ್ಫಿಂಗ್ ಸೇರಿದೆಯಾ ಅಂತ ಪಾಲಿಸಿ ಓದಿ, ಮಾಮೂಲಿ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಡೋದು ಸಾಮಾನ್ಯ. ಆಂಬ್ಯುಲೆನ್ಸಿಗೆ 113, ಸಮುದ್ರದಲ್ಲಿ ತೊಂದರೆ ಆದರೆ 120, ಎರಡೂ ಫೋನಿನಲ್ಲಿರಲಿ.

ಊಟ ಅಲ್ಲಿ ಬಲು ದುಬಾರಿ, ಅಡುಗೆಮನೆ ಇರೋ ಕೋಣೆ ಹಿಡಿಯಿರಿ. ರಾಗಿ ಹುರಿಹಿಟ್ಟು, ಸಾರಿನ ಪುಡಿ ಒಯ್ಯಿರಿ. ತುಪ್ಪದ ಡಬ್ಬಿ ಮನೇಲೇ ಬಿಡಿ, ನಮ್ಮ ದೇಶದಿಂದ ಹಾಲಿನ ಪದಾರ್ಥ ಒಳಗೆ ತರೋಕೆ ನಾರ್ವೆ ಕಸ್ಟಮ್ಸ್ ಬಿಡಲ್ಲ.